ಲೈನ್ ಸತ್ತಾಗ ರೂಟರ್ ಫೋನ್ ತಿರುಗಿಸಬೇಕು: ಡಯಲ್-ಅಪ್ ಬ್ಯಾಕಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕೂತು ರಾಯಚೂರು, ಕೊಪ್ಪಳದ ತನಕ ಸಣ್ಣ ಆಫೀಸುಗಳ ರೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಪತ್ತಿನ ಸಂಘದ ಶಾಖೆಗಳು, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳು, ಸಂಡೂರು ಕಡೆಯ ಲಾರಿ ತೂಕದ ಕಾಟಾ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳು. ಫೋನ್ ಮಾಡಿದವರು ಸುತ್ತಿ ಬಳಸಿ ಕೇಳುವುದು ಒಂದೇ: ಬ್ಯಾಕಪ್ ಇತ್ತಲ್ಲ, ಯಾಕೆ ಏಳಲಿಲ್ಲ? ಹತ್ತಾರು ಸಲ ಹೇಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಸಿಸ್ಕೊ ರೂಟರ್‌ನವು. ಕಮಾಂಡುಗಳನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳುವ ಹಾಗೆಯೇ ಬರೆದಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿಕೊಳ್ಳಿ.

ಡಯಲ್ ಬ್ಯಾಕಪ್ ಅಂದರೆ ಏನು?

ಮುಖ್ಯ ಲೈನ್ ಸತ್ತಾಗ ರೂಟರ್ ತಾನೇ ಮೋಡೆಮ್ (ಡೇಟಾವನ್ನು ಫೋನ್ ಲೈನಿನ ಸದ್ದಾಗಿ ಮಾಡುವ ಪೆಟ್ಟಿಗೆ) ಮೂಲಕ ಫೋನ್ ತಿರುಗಿಸಿ, ಹೆಡ್ ಆಫೀಸಿನ ರೂಟರ್ ಜೊತೆ ಪಿಪಿಪಿ (ಎರಡು ತುದಿಯವರು ನೇರ ಮಾತಾಡುವ ನಿಯಮ) ಸಂಪರ್ಕ ಕಟ್ಟಿಕೊಂಡು ಕೆಲಸ ನಡೆಸುವುದು. ಮುಖ್ಯ ಲೈನ್ ಬಂದ ಮೇಲೆ ಫೋನ್ ಇಟ್ಟುಬಿಡುವುದು. ಇದರಲ್ಲಿ ಫೋನ್ ತಿರುಗಿಸುವುದು ಸುಲಭದ ಭಾಗ. ಕಷ್ಟವೆಲ್ಲ ‘ಸತ್ತಾಗ’ ಎಂಬ ಒಂದು ಮಾತಿನಲ್ಲಿದೆ. ಲೈನ್ ಸತ್ತಿದೆ ಎಂದು ರೂಟರ್‌ಗೆ ತಿಳಿಯುವುದು ಹೇಗೆ? ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳ ಬೇರು ಅಲ್ಲೇ ಸಿಗುತ್ತದೆ.

ಈ ಕಾಲದಾಗ ಡಯಲ್-ಅಪ್ ಯಾರು ಇಟ್ಕೊಂಡಾರ? 4ಜಿ ಐತಲ್ಲ?

ಹೊಸದಾಗಿ ಹಾಕುವವರಿಗೆ ನಾನೂ 4ಜಿ ಎಂದೇ ಹೇಳುತ್ತೇನೆ. ಆದರೆ ಬದಲಾಗಿರುವುದು ತಂತಿ ಮಾತ್ರ, ತರ್ಕ ಅದೇ. ಮುಖ್ಯ ದಾರಿ ಸತ್ತದ್ದನ್ನು ಪತ್ತೆ ಹಚ್ಚಬೇಕು, ಎರಡನೇ ದಾರಿಗೆ ಹೊರಳಬೇಕು, ಮೊದಲಿನದು ಸರಿಹೋದಮೇಲೆ ವಾಪಸ್ ಬರಬೇಕು. ಹಳೆಯ ಡಾಂಗಲ್‌ಗಳನ್ನು ರೂಟರ್‌ಗೆ ಚುಚ್ಚಿದರೆ ಅವೂ ‘*99#’ ಎಂಬ ನಂಬರಿಗೆ ಡಯಲ್ ಮಾಡಿಯೇ ಪಿಪಿಪಿ ಶುರು ಮಾಡುತ್ತಿದ್ದವು. ಡಯಲ್-ಅಪ್ ಸರಿಯಾಗಿ ತಿಳಿದವನಿಗೆ 4ಜಿ ಬ್ಯಾಕಪ್ ಅರ್ಧ ದಿನದ ಕೆಲಸ. ಸಿಗ್ನಲ್ ಹತ್ತದ ಗುಡ್ಡದ ಮಗ್ಗುಲಲ್ಲಿ ಇನ್ನೂ ತಾಮ್ರದ ಜೋಡಿಯನ್ನೇ ನಂಬಿಕೊಂಡ ಆಫೀಸುಗಳಿವೆ, ಅವರಿಗಾಗಿಯೂ ಇದು.

ಮೋಡೆಮ್‌ನ್ನು ರೂಟರ್‌ನ ಯಾವ ಪೋರ್ಟಿಗೆ ಹಾಕಬೇಕು? ಕನ್ಸೋಲ್ ಖಾಲಿ ಇದೆ.

ಕನ್ಸೋಲಿಗೆ (ಸೆಟ್ಟಿಂಗ್ ಮಾಡಲು ಕಂಪ್ಯೂಟರ್ ಹಚ್ಚುವ ಪೋರ್ಟು) ಬೇಡ. ಅದರಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (‘ತಡಿ’, ‘ಈಗ ಕಳಿಸು’ ಎನ್ನುವ ಸಂಜ್ಞೆ) ಇಲ್ಲ, ಮೋಡೆಮ್ ಕಂಟ್ರೋಲ್ ಇಲ್ಲ. ಫೋನ್ ಕಟ್ ಆದದ್ದು ರೂಟರ್‌ಗೆ ತಿಳಿಯುವುದೇ ಇಲ್ಲ. ‘ಆಕ್ಸ್’ ಎಂದು ಬರೆದಿರುವ ಪೋರ್ಟು ಇದಕ್ಕೆಂದೇ ಇರುವುದು. ‘ಶೋ ಲೈನ್’ ಕೊಟ್ಟರೆ ಆಕ್ಸ್ ಎದುರಿಗೆ ಒಂದು ನಂಬರ್ ಕಾಣುತ್ತದೆ, ಅಸಿಂಕ್ ಇಂಟರ್‌ಫೇಸಿನ (ಕಾನ್ಫಿಗ್‌ನಲ್ಲಿ ಆ ಪೋರ್ಟಿನ ಹೆಸರು) ನಂಬರೂ ಅದೇ. ಸಿಸ್ಕೊ 2500 ಸರಣಿಯ ಹೆಚ್ಚಿನ ರೂಟರ್‌ಗಳಲ್ಲಿ 1, 2600 ಸರಣಿಯಲ್ಲಿ 65. ಹಳೇ ಕಾನ್ಫಿಗ್ ಎತ್ತಿ ಹೊಸ ಪೆಟ್ಟಿಗೆಗೆ ಅಂಟಿಸುವವರು ಇಲ್ಲೇ ಮೊದಲು ಎಡವುತ್ತಾರೆ.

ವೇಗವನ್ನು ರೂಟರ್, ಮೋಡೆಮ್ ಎರಡೂ ಕಡೆ ಒಂದೇ ಅಂಕಿಗೆ ಬಿಗಿಯಿರಿ. 2500ರ ಆಕ್ಸ್ 38400ಕ್ಕಿಂತ ಮೇಲೆ ಹೋಗುವುದಿಲ್ಲ, 2600ರದ್ದು 115200ರ ತನಕ ಹೋಗುತ್ತದೆ. ಲೈನಿನ ಕೆಳಗೆ ‘ಮೋಡೆಮ್ ಇನ್‌ಔಟ್’, ‘ಫ್ಲೋಕಂಟ್ರೋಲ್ ಹಾರ್ಡ್‌ವೇರ್’ ಎರಡೂ ಇರಬೇಕು. ಮೋಡೆಮ್ ಕಡೆ, ಕ್ಯಾರಿಯರ್ (ಆ ಕಡೆಯ ಮೋಡೆಮ್‌ನ ಸದ್ದು) ಇದ್ದಾಗ ಮಾತ್ರ ಡಿಸಿಡಿ (‘ಸಂಪರ್ಕ ಇದೆ’ ಎಂಬ) ಸಿಗ್ನಲ್ ಏಳುವ ಹಾಗೆ ‘ಎಟಿ &ಸಿ1’ ಕೊಡಿ, ರೂಟರ್ ಡಿಟಿಆರ್ (‘ನಾನು ಸಿದ್ಧ’ ಎಂಬ ಸಿಗ್ನಲ್) ಇಳಿಸಿದರೆ ಫೋನ್ ಇಡುವ ಹಾಗೆ ‘&ಡಿ2’ ಕೊಡಿ. ಡಿಸಿಡಿ ಸದಾ ಎದ್ದೇ ಇದ್ದರೆ ಕರೆ ಮುಗಿದಮೇಲೂ ರೂಟರ್ ಫೋನ್ ಕಿವಿಗೆ ಹಿಡಿದುಕೊಂಡೇ ಕೂತಿರುತ್ತದೆ.

ಬ್ಯಾಕಪ್ ಇಂಟರ್‌ಫೇಸ್, ಫ್ಲೋಟಿಂಗ್ ಸ್ಟ್ಯಾಟಿಕ್, ಡಯಲರ್ ವಾಚ್... ಯಾವುದನ್ನು ಹಾಕಲಿ?

ಮೂರೂ ‘ಸತ್ತಿದೆ’ ಎಂಬುದನ್ನು ಬೇರೆ ಬೇರೆ ಕಣ್ಣಿನಿಂದ ನೋಡುತ್ತವೆ.

ಬ್ಯಾಕಪ್ ಇಂಟರ್‌ಫೇಸ್ ನೋಡುವುದು ಪೋರ್ಟನ್ನು. ಕಾನ್ಫಿಗ್‌ನಲ್ಲಿ, ಮುಖ್ಯ ಲೈನ್ ಬರುವ ಸೀರಿಯಲ್ ಪೋರ್ಟಿನ ಕೆಳಗೆ ‘ಬ್ಯಾಕಪ್ ಇಂಟರ್‌ಫೇಸ್ ಅಸಿಂಕ್ 65’ ಎಂದರೆ ಸಾಕು; ಆ ಅಸಿಂಕ್ ಪೋರ್ಟು ‘ಸ್ಟ್ಯಾಂಡ್‌ಬೈ’ ಎಂದು ಮಲಗುತ್ತದೆ. ಸೀರಿಯಲ್ ಕೆಳಗೆ ಬಿದ್ದರೆ ಏಳುತ್ತದೆ. ಮಲಗಿರುವಾಗ ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಲಾಗದು. ಹೊಲಿಗೆ ನೇರ, ಆದರೆ ಕಣ್ಣು ಮಂಜು: ಪೋರ್ಟು ಬಿದ್ದರೆ ಮಾತ್ರ ತಿಳಿಯುತ್ತದೆ, ಪೋರ್ಟಿನಾಚೆ ಏನಾದರೂ ಆದರೆ ತಿಳಿಯದು. ಫ್ರೇಮ್ ರಿಲೇ (ಕಂಪನಿಯ ಜಾಲದ ಮೂಲಕ ಆಫೀಸುಗಳನ್ನು ಜೋಡಿಸುವ ಹಳೇ ಸೇವೆ) ಇದ್ದ ಕಾಲದಲ್ಲಿ ಇದೇ ದೊಡ್ಡ ಗೋಳು. ಪಿವಿಸಿ (ಆ ಜಾಲದೊಳಗಿನ ನಮ್ಮ ದಾರಿ) ಸತ್ತರೂ ಮುಖ್ಯ ಪೋರ್ಟು ಎದ್ದೇ ಇರುತ್ತಿತ್ತು. ಅದಕ್ಕೇ ಆ ಒಂದು ದಾರಿಗೆಂದೇ ಪಾಯಿಂಟ್-ಟು-ಪಾಯಿಂಟ್ ಸಬ್‌ಇಂಟರ್‌ಫೇಸ್ ಮಾಡಿ ಅದರ ಕೆಳಗೆ ಬ್ಯಾಕಪ್ ಕಟ್ಟುತ್ತಿದ್ದೆವು.

ಫ್ಲೋಟಿಂಗ್ ಸ್ಟ್ಯಾಟಿಕ್ ನೋಡುವುದು ರೂಟಿಂಗ್ ಟೇಬಲನ್ನು, ಅಂದರೆ ಯಾವ ಜಾಗಕ್ಕೆ ಯಾವ ದಾರಿ ಎಂಬ ಪಟ್ಟಿಯನ್ನು. ಒಂದೇ ಜಾಗಕ್ಕೆ ಎರಡು ದಾರಿ ಇದ್ದಾಗ ಯಾವುದನ್ನು ಹಿಡಿಯಬೇಕೆಂದು ರೂಟರ್ ‘ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್’ ಎಂಬ ಅಂಕಿ ನೋಡಿ ತೀರ್ಮಾನಿಸುತ್ತದೆ. ಅಂಕಿ ಚಿಕ್ಕದಾದಷ್ಟೂ ಮರ್ಯಾದೆ ಜಾಸ್ತಿ. ನಾವು ಕೈಯಿಂದ ಬರೆದ ಸಾಮಾನ್ಯ ಸ್ಟ್ಯಾಟಿಕ್ 1; ರೂಟರ್‌ಗಳು ತಾವೇ ದಾರಿ ಹಂಚಿಕೊಳ್ಳುವ ಪ್ರೋಟೋಕಾಲ್‌ಗಳಲ್ಲಿ ಇಐಜಿಆರ್‌ಪಿ 90, ಒಎಸ್‌ಪಿಎಫ್ 110, ರಿಪ್ 120. ಡಯಲರ್ ಕಡೆಗಿನ ಸ್ಟ್ಯಾಟಿಕ್ ರೂಟಿನ ಕೊನೆಗೆ 200 ಹಾಕಿದರೆ ಅದು ತಳದಲ್ಲಿ ಕೂತಿರುತ್ತದೆ. ಮೇಲಿನದು ಟೇಬಲ್ಲಿನಿಂದ ಹೋದ ಮೇಲೆ ಮೇಲಕ್ಕೆ ಬರುತ್ತದೆ. ಬಂದಮೇಲೂ ತಾನಾಗಿ ಡಯಲ್ ಆಗದು. ಆ ಕಡೆ ಹೋಗುವ, ಡಯಲರ್ ಲಿಸ್ಟ್ (ಯಾವುದಕ್ಕಾಗಿ ಫೋನ್ ತಿರುಗಿಸಬೇಕು ಎಂಬ ಪಟ್ಟಿ) ಒಪ್ಪುವ ಒಂದು ಪ್ಯಾಕೆಟ್ಟಾದರೂ (ಡೇಟಾ ತುಣುಕು) ಬರಬೇಕು. ಯಾವ ಬ್ರ್ಯಾಂಡಿನ ರೂಟರ್ ಆದರೂ ನಡೆಯುವ ವಿಧಾನ ಇದು, ನನ್ನ ಮೆಚ್ಚಿನದೂ ಇದೇ.

ಡಯಲರ್ ವಾಚ್ ಕಾವಲುಗಾರನ ಹಾಗೆ. ಇಂಥ ನೆಟ್‌ವರ್ಕಿನ ರೂಟ್ ಟೇಬಲ್ಲಿನಲ್ಲಿ ಇದೆಯೇ ಎಂದು ಕಾಯುತ್ತದೆ; ಹೋದದ್ದೇ ತಡ, ಪ್ಯಾಕೆಟ್ಟಿಗೆ ಕಾಯದೆ ಡಯಲ್ ಮಾಡುತ್ತದೆ. ಇದಕ್ಕೆ ಇಐಜಿಆರ್‌ಪಿ ಅಥವಾ ಒಎಸ್‌ಪಿಎಫ್ ಓಡುತ್ತಿರಬೇಕು. ವಾಚ್ ಲಿಸ್ಟಿನಲ್ಲಿ ಬರೆದ ನೆಟ್‌ವರ್ಕು, ಮಾಸ್ಕು (ಅದರ ಗಾತ್ರ ಹೇಳುವ /24ರಂಥ ಅಂಕಿ) ಟೇಬಲ್ಲಿನಲ್ಲಿ ಕಾಣುವ ಸಾಲಿಗೆ ಅಕ್ಷರಶಃ ಹೊಂದಬೇಕು. ಟೇಬಲ್ಲಿನಲ್ಲಿ 10.1.1.0/24 ಇದ್ದು ನೀವು 10.1.0.0/16 ಬರೆದಿದ್ದರೆ ಕಾವಲುಗಾರ ಬೇರೆಯವರ ಮನೆ ಕಾಯುತ್ತಿದ್ದಾನೆ ಎಂದೇ ಅರ್ಥ.

ನಾಲ್ಕೈದು ಶಾಖೆ, ಸ್ಟ್ಯಾಟಿಕ್ ರೂಟು ಇರುವವರಿಗೆ ಫ್ಲೋಟಿಂಗ್ ಸ್ಟ್ಯಾಟಿಕ್ ಜೊತೆಗೆ ಕೆಳಗೆ ಹೇಳುವ ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಚಿಕ್ಕ ಪ್ಯಾಕೆಟ್) ಕಾವಲು. ಒಎಸ್‌ಪಿಎಫ್ ಈಗಾಗಲೇ ಇದ್ದವರಿಗೆ ಡಯಲರ್ ವಾಚ್. ಬ್ಯಾಕಪ್ ಇಂಟರ್‌ಫೇಸನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ.

ಸೀರಿಯಲ್ ಪೋರ್ಟಿಗೆ ‘ಶಟ್‌ಡೌನ್’ ಕೊಟ್ಟು ಟೆಸ್ಟ್ ಮಾಡಿದೆ. ಬ್ಯಾಕಪ್ ಏಳಲೇ ಇಲ್ಲ. ಮೋಡೆಮ್ ಕೆಟ್ಟಿದೆಯಾ?

ಮೋಡೆಮ್ ಚೆನ್ನಾಗಿದೆ, ಟೆಸ್ಟ್ ತಪ್ಪಿದೆ. ಬ್ಯಾಕಪ್ ಇಂಟರ್‌ಫೇಸ್ ವಿಧಾನದಲ್ಲಿ ನೀವಾಗಿಯೇ ಪೋರ್ಟು ಮುಚ್ಚಿದರೆ ಅದು ‘ಅಡ್ಮಿನಿಸ್ಟ್ರೇಟಿವ್ಲಿ ಡೌನ್’. ಯಜಮಾನ ತಾನೇ ಬಾಗಿಲು ಹಾಕಿಕೊಂಡಿದ್ದಾನೆ ಎಂದು ರೂಟರ್ ಸುಮ್ಮನಿರುತ್ತದೆ. ಕೇಬಲ್ ಕಿತ್ತು ನೋಡಿ. ಈ ಒಂದು ಪ್ರಶ್ನೆಗಾಗಿ ನಾನು ಬಳ್ಳಾರಿಯಿಂದ ಲಿಂಗಸೂಗೂರಿಗೆ ಒಮ್ಮೆ ಬಸ್ಸಿನಲ್ಲಿ ಹೋಗಿ, ಒಂದು ಕೇಬಲ್ ಕಿತ್ತು, ಚಹಾ ಕುಡಿದು ವಾಪಸ್ ಬಂದಿದ್ದೇನೆ.

‘ಲೈನ್ ಅಪ್, ಪ್ರೋಟೋಕಾಲ್ ಅಪ್’ ಅಂತನೇ ತೋರಿಸ್ತದ, ಆದ್ರ ಏನೂ ಓಡವಲ್ದು. ಬ್ಯಾಕಪ್ಪೂ ಏಳವಲ್ದು.

ರಾಯಚೂರು ಕಡೆಯಿಂದ ಬರುವ ಕರೆಗಳಲ್ಲಿ ಇದೇ ಹೆಚ್ಚು. ಎಲ್ಲಕ್ಕಿಂತ ಕೆಟ್ಟ ರೋಗವೂ ಇದೇ: ಹೆಣಕ್ಕೆ ನಾಡಿ ಬಡಿಯುತ್ತಿದೆ ಎಂದು ರೂಟರ್ ನಂಬಿದೆ.

ಲೀಸ್ಡ್ ಲೈನಿನಲ್ಲಿ (ಫೋನ್ ಕಂಪನಿಯಿಂದ ಬಾಡಿಗೆಗೆ ಪಡೆದ, ಸದಾ ಎದ್ದಿರುವ ಲೈನ್) ಮೊದಲು ನೋಡಬೇಕಾದದ್ದು ಲೂಪ್. ಲೈನ್ ಪರೀಕ್ಷಿಸಲು ಎಕ್ಸ್‌ಚೇಂಜಿನ ಕಡೆ ಲೂಪ್ ಹಾಕುತ್ತಾರೆ, ಕೆಲವೊಮ್ಮೆ ತೆಗೆಯಲು ಮರೆಯುತ್ತಾರೆ. ಆಗ ರೂಟರ್ ಕಳಿಸಿದ ಕೀಪ್‌ಅಲೈವ್ (‘ಬದುಕಿದ್ದೇನೆ’ ಎಂಬ ಸಂದೇಶ) ಗೋಡೆಗೆ ಬಡಿದ ಚೆಂಡಿನಂತೆ ಅದಕ್ಕೇ ವಾಪಸ್ ಬರುತ್ತದೆ, ಎದುರಿಗೆ ಯಾರೋ ಇದ್ದಾರೆ ಎಂದುಕೊಂಡು ಅದು ಸಂತೋಷವಾಗಿರುತ್ತದೆ. ‘ಶೋ ಇಂಟರ್‌ಫೇಸ್’ ಸಾಲಿನ ಕೊನೆಗೆ ‘ಲೂಪ್ಡ್’ ಎಂಬ ಪದ ಹುಡುಕಿ. ಸೀರಿಯಲ್ ಪೋರ್ಟಿನ ಕೆಳಗೆ ‘ಡೌನ್ ವೆನ್ ಲೂಪ್ಡ್’ ಎಂಬ ಒಂದು ಸಾಲು ಹಾಕಿದ್ದರೆ ಲೂಪ್ ಕಂಡಕೂಡಲೇ ಪೋರ್ಟು ಬೀಳುತ್ತದೆ, ಬ್ಯಾಕಪ್ ಏಳುತ್ತದೆ. ಡಯಲ್ ಬ್ಯಾಕಪ್ ಇರುವ ಎಲ್ಲ ರೂಟರ್‌ಗೂ ನಾನು ಇದನ್ನು ಕಣ್ಣು ಮುಚ್ಚಿ ಹಾಕುತ್ತೇನೆ.

ಫೈಬರ್‌ನಲ್ಲಿ ಇದೇ ರೋಗಕ್ಕೆ ಇನ್ನೊಂದು ಮುಖ. ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಕೇಬಲ್ ಕಡಿದಿರುತ್ತದೆ. ಆದರೆ ನಿಮ್ಮ ಗೋಡೆಯ ಮೇಲಿನ, ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಗೂ ರೂಟರ್‌ಗೂ ನಡುವಿನ ಒಂದು ಮೊಳದ ಕೇಬಲ್ ಚೆನ್ನಾಗಿಯೇ ಇದೆ, ಹಸಿರು ದೀಪ ಉರಿಯುತ್ತಲೇ ಇದೆ. ಪೋರ್ಟು ನೋಡುವ ಯಾವ ವಿಧಾನವೂ ಇಲ್ಲಿ ಕೆಲಸಕ್ಕೆ ಬಾರದು. ಸ್ಟ್ಯಾಟಿಕ್ ರೂಟು ಇರುವವರಿಗೆ ದೂರದ ವಿಳಾಸಕ್ಕೆ ಪಿಂಗ್ ಹೊಡೆದು ನೋಡುವುದೇ ದಾರಿ. ಸಿಸ್ಕೊದಲ್ಲಿ ‘ಐಪಿ ಎಸ್‌ಎಲ್‌ಎ’, ಬಹಳ ಹಳೇ ಐಒಎಸ್‌ನಲ್ಲಿ (ಸಿಸ್ಕೊ ರೂಟರ್ ಸಾಫ್ಟ್‌ವೇರ್) ಅದರ ಹೆಸರು ‘ಆರ್‌ಟಿಆರ್’. ಎಸ್‌ಎಲ್‌ಎ ಪಿಂಗ್ ಮಾಡುತ್ತದೆ, ‘ಟ್ರ್ಯಾಕ್’ ಅದರ ಫಲಿತಾಂಶ ಹಿಡಿಯುತ್ತದೆ, ಮುಖ್ಯ ಸ್ಟ್ಯಾಟಿಕ್ ರೂಟಿನ ಬಾಲಕ್ಕೆ ಆ ಟ್ರ್ಯಾಕ್ ನಂಬರ್ ಕಟ್ಟುತ್ತೇವೆ. ಪಿಂಗ್ ಸತ್ತರೆ ರೂಟ್ ಟೇಬಲ್ಲಿನಿಂದ ಇಳಿಯುತ್ತದೆ, 200ರದ್ದು ಮೇಲೇರುತ್ತದೆ. ಹಾಗೇ ಬಿಟ್ಟರೆ 60 ಸೆಕೆಂಡಿಗೊಮ್ಮೆ ಪಿಂಗ್ ಮಾಡುತ್ತದೆ, 10ಕ್ಕೆ ಇಳಿಸಿಕೊಳ್ಳಿ.

ಮೈಕ್ರೋಟಿಕ್ ಕಂಪನಿಯ ರೂಟರ್‌ನಲ್ಲಿ ‘ಚೆಕ್ ಗೇಟ್‌ವೇ ಪಿಂಗ್’ ಹಾಕಿ ನಿಶ್ಚಿಂತೆಯಿಂದ ಇರುವವರಿದ್ದಾರೆ. ಅದು ಪಿಂಗ್ ಮಾಡುವುದು ಪಕ್ಕದ ಗೇಟ್‌ವೇಯನ್ನು, ಅಂದರೆ ದಾರಿಯ ಮೊದಲ ಪೆಟ್ಟಿಗೆಯನ್ನು. ಗೇಟ್‌ವೇ ಆ ಒಎನ್‌ಟಿ ಪೆಟ್ಟಿಗೆಯೇ ಆಗಿದ್ದರೆ? ಮತ್ತೆ ಮೊದಲಿಗೇ ಬಂದು ನಿಂತೆವು.

ಪಿಂಗ್ ಕಾವಲು ಹಾಕಿದೆ. ಈಗ ನಿಮಿಷಕ್ಕೊಮ್ಮೆ ಆ ಕಡೆ, ಈ ಕಡೆ ಜಿಗಿಯುತ್ತಿದೆ.

ಪಿಂಗ್ ಹೋಗುವ ದಾರಿಯನ್ನು ನೀವು ಕಟ್ಟಿಹಾಕಿಲ್ಲ. ಮುಖ್ಯ ಲೈನ್ ಸತ್ತಿತು, ಬ್ಯಾಕಪ್ ಎದ್ದಿತು, ಈಗ ಅದೇ ಪಿಂಗ್ ಬ್ಯಾಕಪ್ ಮೂಲಕ ಹೋಗಿ ‘ಬದುಕಿದೆ’ ಎಂದು ವರದಿ ತಂದಿತು. ರೂಟರ್ ಮುಖ್ಯ ಲೈನಿಗೆ ಹೊರಳಿತು, ಅಲ್ಲಿ ಏನೂ ಇಲ್ಲ, ಮತ್ತೆ ಬ್ಯಾಕಪ್ಪಿಗೆ. ಪಿಂಗ್ ಮಾಡುವ ಆ ಒಂದು ವಿಳಾಸಕ್ಕೆ ಮಾತ್ರ ಮುಖ್ಯ ಲೈನಿನ ಮೂಲಕವೇ ಹೋಗುವ ಪ್ರತ್ಯೇಕ ಹೋಸ್ಟ್ ರೂಟ್ ಹಾಕಿ. ಅದು ಸತ್ತರೆ ಸಾಯಲಿ, ಬೇರೆ ದಾರಿ ಹಿಡಿಯಬಾರದು.

ನಿಜವಾಗಿಯೂ ಲೈನೇ ಹೋಗಿ ಬಂದು ಮಾಡುತ್ತಿದ್ದರೆ ಅದಕ್ಕೆ ತಡೆ ಹಾಕಬೇಕು. ‘ಬ್ಯಾಕಪ್ ಡಿಲೇ 10 60’ ಎಂದರೆ ಬಿದ್ದ 10 ಸೆಕೆಂಡಿಗೆ ಡಯಲ್, ಬಂದ 60 ಸೆಕೆಂಡಿನ ತನಕ ಬಿಡಬೇಡ. ಟ್ರ್ಯಾಕ್‌ಗೂ ಹೀಗೇ ಡೌನ್, ಅಪ್ ಡಿಲೇ ಕೊಡಬಹುದು. ನನ್ನ ಲೆಕ್ಕದಲ್ಲಿ 60 ಕಡಿಮೆಯಾಯಿತು. ತುಂಡಾದ ಕೇಬಲ್ ಜೋಡಿಸುವವರು ಎರಡು ಮೂರು ಸಲ ಹಚ್ಚಿ ಕಿತ್ತು ನೋಡುತ್ತಾರೆ. 300 ಇಟ್ಟರೆ ಕೌಂಟರಿನಲ್ಲಿರುವವರ ಬೈಗುಳ ತಪ್ಪುತ್ತದೆ.

ಸಾ, ಬ್ಯಾಕಪ್ ಚೆನ್ನಾಗಿ ಏಳ್ತೈತೆ, ಇಳಿಯೋದೇ ಇಲ್ಲ. ಫೋನ್ ಬಿಲ್ ನೋಡಿ ಸೆಕ್ರೆಟರಿ ಸಾಹೇಬ್ರು ಕೂಗಾಡ್ತವ್ರೆ.

ನ್ಯಾಯವಾದ ಕೂಗಾಟ. ರೂಟರ್ ಫೋನ್ ಇಡುವುದು ‘ಐಡಲ್ ಟೈಮ್‌ಔಟ್’ ಮುಗಿದಾಗ. ನೀವೇನೂ ಹೇಳದಿದ್ದರೆ ಅದು 120 ಸೆಕೆಂಡು. ಆ 120 ಸೆಕೆಂಡಿನೊಳಗೆ ಒಂದು ‘ಇಂಟರೆಸ್ಟಿಂಗ್’ (ಡಯಲರ್ ಲಿಸ್ಟ್ ಒಪ್ಪುವ) ಪ್ಯಾಕೆಟ್ ಹೋದರೂ ಗಡಿಯಾರ ಮತ್ತೆ ಮೊದಲಿನಿಂದ. ಡಯಲರ್ ಲಿಸ್ಟಿನಲ್ಲಿ ‘ಐಪಿ ಪರ್ಮಿಟ್’ ಎಂದು ಧಾರಾಳವಾಗಿ ಬರೆದಿದ್ದರೆ ಎಲ್ಲವೂ ಇಂಟರೆಸ್ಟಿಂಗೇ. ಒಎಸ್‌ಪಿಎಫ್ 10 ಸೆಕೆಂಡಿಗೊಮ್ಮೆ ಹಲೋ ಎನ್ನುತ್ತದೆ, ರಿಪ್ 30ಕ್ಕೊಮ್ಮೆ ಟೇಬಲ್ ಹಂಚುತ್ತದೆ, ವಿಂಡೋಸ್ ಕಂಪ್ಯೂಟರ್ ಪೋರ್ಟ್ 137ರಲ್ಲಿ ಅಕ್ಕಪಕ್ಕದವರ ಹೆಸರು ಕೇಳುತ್ತಲೇ ಇರುತ್ತದೆ, ಆಂಟಿವೈರಸ್ ಅಪ್‌ಡೇಟ್ ಹುಡುಕುತ್ತದೆ. ರಾತ್ರಿಯಿಡೀ ಯಾರೂ ಇಲ್ಲದ ಆಫೀಸಿನಲ್ಲಿ ಯಂತ್ರಗಳು ತಮ್ಮತಮ್ಮಲ್ಲೇ ಹರಟೆ ಹೊಡೆಯುತ್ತವೆ, ಮೀಟರ್ ನಿಮ್ಮದು ಓಡುತ್ತದೆ.

ಆಕ್ಸೆಸ್ ಲಿಸ್ಟ್ ಬರೆದು, 224.0.0.5ರಂಥ ರೂಟಿಂಗ್ ಮಲ್ಟಿಕಾಸ್ಟು, ಎನ್‌ಟಿಪಿ (ಗಡಿಯಾರ ಹೊಂದಿಸುವ ಮಾತು), 137ರ ಗಲಾಟೆ ಇವನ್ನೆಲ್ಲ ‘ಡಿನೈ’ ಮಾಡಿ, ಉಳಿದದ್ದಕ್ಕೆ ‘ಪರ್ಮಿಟ್’ ಕೊಟ್ಟು, ಆ ಲಿಸ್ಟನ್ನು ಡಯಲರ್ ಲಿಸ್ಟಿಗೆ ಕಟ್ಟಿ. ಡಿನೈ ಮಾಡಿದರೆ ರೂಟಿಂಗ್ ನಿಂತುಹೋಗುತ್ತದೆ ಎಂದು ಹೆದರುವವರಿದ್ದಾರೆ. ಇಲ್ಲ. ಇದು ಬಾಗಿಲು ಕಾಯುವ ಲಿಸ್ಟ್ ಅಲ್ಲ. ಲಿಂಕ್ ಎದ್ದಿರುವಾಗ ಡಿನೈ ಆದ ಪ್ಯಾಕೆಟ್ಟೂ ಆರಾಮಾಗಿ ಹೋಗುತ್ತದೆ. ಅದಕ್ಕೆ ಫೋನ್ ತಿರುಗಿಸುವ ಅಧಿಕಾರವಿಲ್ಲ, ಗಡಿಯಾರ ತಿರುಗಿಸುವ ಅಧಿಕಾರವೂ ಇಲ್ಲ, ಅಷ್ಟೇ.

ಯಾರು ಫೋನ್ ತೆಗೆಸಿದರು ಎಂದು ಹಿಡಿಯಲು ‘ಶೋ ಡಯಲರ್’ ಕೊಡಿ. ‘ಡಯಲ್ ರೀಸನ್’ ಎಂಬ ಸಾಲಿನಲ್ಲಿ ಯಾವ ಐಪಿಯಿಂದ ಯಾವ ಐಪಿಗೆ ಹೋದ ಪ್ಯಾಕೆಟ್ ಎಂದು ಬರೆದಿರುತ್ತದೆ. ಹೆಚ್ಚಿನ ಸಲ ಕಳ್ಳ ಮ್ಯಾನೇಜರ್ ಕೋಣೆಯ ಕಂಪ್ಯೂಟರೇ.

ಮೋಡೆಮ್ ಕಿರುಚುತ್ತದೆ, ಆಮೇಲೆ ‘ನೋ ಕ್ಯಾರಿಯರ್’. ಕೆಲವೊಮ್ಮೆ ಡಯಲ್ಲೇ ಮಾಡುವುದಿಲ್ಲ.

ಮೊದಲು ಒಂದು ಸಾಮಾನ್ಯ ಫೋನನ್ನು ಅದೇ ಜಾಕಿಗೆ ಹಾಕಿ, ಕೈಯಲ್ಲಿ ನಂಬರ್ ಒತ್ತಿ. ಆ ಕಡೆ ಮೋಡೆಮ್ ಎತ್ತಿ ಕೀಂ ಎಂದರೆ ಲೈನ್ ಸರಿ. ಎತ್ತದಿದ್ದರೆ ರೂಟರ್ ಮುಟ್ಟುವುದೇ ಬೇಡ: ಎಸ್‌ಟಿಡಿಗೆ ಲಾಕ್ ಹಾಕಿರಬಹುದು, ಹೆಡ್ ಆಫೀಸಿನ ಮೋಡೆಮ್‌ಗೆ ಆಟೋ ಆನ್ಸರ್ ಕೊಡದೇ ಇರಬಹುದು. ಅದಕ್ಕೆ ‘ಎಟಿ ಎಸ್0=1’ ಇರಬೇಕು.

ನಂಬರಿನ ತಪ್ಪು ತಮಾಷೆಯಾಗಿ ಕಂಡರೂ ಬಹಳ ಸಾಮಾನ್ಯ. ಬಳ್ಳಾರಿ ಊರೊಳಗಿನ ಶಾಖೆಯ ಕಾನ್ಫಿಗ್ ಎತ್ತಿ ಕೊಪ್ಪಳಕ್ಕೆ ಹಾಕುತ್ತಾರೆ, ಮುಂದೆ ಬಳ್ಳಾರಿಯ ಎಸ್‌ಟಿಡಿ ಕೋಡಾದ 08392 ಸೇರಿಸುವುದನ್ನು ಮರೆಯುತ್ತಾರೆ. ರೂಟರ್ ಕೊಪ್ಪಳದಲ್ಲಿ ಯಾವುದೋ ಮನೆಗೆ ಫೋನ್ ಮಾಡುತ್ತದೆ. ನಡುರಾತ್ರಿ ಕೀಂ ಎಂಬ ಸದ್ದು ಕೇಳಿದ ಆ ಮನೆಯವರ ಪಾಡು ನೆನೆಸಿಕೊಳ್ಳಿ. ಆಫೀಸಿನೊಳಗೆ ಇಪಿಎಬಿಎಕ್ಸ್ (ಆಫೀಸಿನದೇ ಚಿಕ್ಕ ಫೋನ್ ಎಕ್ಸ್‌ಚೇಂಜ್) ಇದ್ದರೆ ಹೊರಗಿನ ಲೈನಿಗೆ 0 ಒತ್ತಿ ಕಾಯಬೇಕು: ನಂಬರಿನಲ್ಲಿ ‘0,’ ಎಂದು ಅಲ್ಪವಿರಾಮ ಹಾಕಿದರೆ ಮೋಡೆಮ್ 2 ಸೆಕೆಂಡು ನಿಲ್ಲುತ್ತದೆ. ಇಪಿಎಬಿಎಕ್ಸ್‌ನ ಡಯಲ್ ಟೋನ್ ಗುರುತಿಸಲಾಗದೆ ಮೋಡೆಮ್ ಸುಮ್ಮನಾದರೆ ‘ಎಟಿ ಎಕ್ಸ್3’ ಕೊಟ್ಟು ಟೋನಿಗೆ ಕಾಯಬೇಡ ಎನ್ನಿ. ಬ್ರಾಡ್‌ಬ್ಯಾಂಡ್ ಇರುವ ಲೈನಾದರೆ ಸ್ಪ್ಲಿಟರ್ ಬೇಕು. ಕಾಲ್ ವೇಟಿಂಗ್ ತೆಗೆಸಿ, ಅದರ ಬೀಪು ಸಂಪರ್ಕ ಕೆಡಿಸುತ್ತದೆ. ಅದೇ ಲೈನಿಗೆ ಪ್ಯಾರಲಲ್ ಫೋನ್ ಇಟ್ಟಿದ್ದರೆ ಅಟೆಂಡರ್ ರಿಸೀವರ್ ಎತ್ತಿದ ಕ್ಷಣವೇ ಕತೆ ಮುಗಿಯಿತು.

ಇಷ್ಟೆಲ್ಲ ಸರಿಯಿದ್ದೂ ಕೈಕುಲುಕುವ ನಡುವೆಯೇ ಕಟ್ ಆದರೆ ರೂಟರ್‌ಗೆ ತಾಳ್ಮೆ ಸಾಲದು. ‘ವೇಟ್ ಫಾರ್ ಕ್ಯಾರಿಯರ್ ಟೈಮ್’ ಮೊದಲೇ 30 ಸೆಕೆಂಡು ಇರುತ್ತದೆ, ಹಳೇ ತಾಮ್ರದ ಮೇಲೆ ಮೋಡೆಮ್‌ಗಳು ಒಪ್ಪಂದಕ್ಕೆ ಬರಲು ಅದು ಸಾಲುವುದಿಲ್ಲ. 90 ಮಾಡಿ. ಚಾಟ್ ಸ್ಕ್ರಿಪ್ಟಿನ (ಮೋಡೆಮ್‌ಗೆ ಡಯಲ್ ಮಾಡಲು ಹೇಳುವ ಸಾಲು) ಟೈಮ್‌ಔಟನ್ನೂ ಅಷ್ಟಕ್ಕೇ ಏರಿಸಿ.

ಕನೆಕ್ಟ್ ಆಗ್ತೈತಿ, ಐದಾರು ಸೆಕೆಂಡಿಗೆ ಕಟ್ ಆಗ್ತೈತಿ.

ಹತ್ತಕ್ಕೆ ಒಂಬತ್ತು ಸಲ ಚಾಪ್, ಅಂದರೆ ಪಿಪಿಪಿಯ ಪಾಸ್‌ವರ್ಡ್ ಪರೀಕ್ಷೆ. ರೂಟರ್ ತನ್ನ ಹೋಸ್ಟ್‌ನೇಮನ್ನೇ ಯೂಸರ್‌ನೇಮ್ ಎಂದು ಕಳಿಸುತ್ತದೆ. ಶಾಖೆಯ ಹೋಸ್ಟ್‌ನೇಮ್ ಹೆಡ್ ಆಫೀಸಿನಲ್ಲಿ ಯೂಸರ್ ಆಗಿರಬೇಕು, ಹೆಡ್ ಆಫೀಸಿನ ಹೋಸ್ಟ್‌ನೇಮ್ ಶಾಖೆಯಲ್ಲಿ ಯೂಸರ್ ಆಗಿರಬೇಕು, ಪಾಸ್‌ವರ್ಡ್ ಎರಡೂ ಕಡೆ ಒಂದೇ. ಬಳ್ಳಾರಿಯ ಇಂಗ್ಲಿಷ್ ಹೆಸರು ಬದಲಾದ 2014ರ ನಂತರ ಒಬ್ಬರು ಹುರುಪಿನಿಂದ ಹೆಡ್ ಆಫೀಸ್ ರೂಟರ್‌ನ ಹೋಸ್ಟ್‌ನೇಮನ್ನೂ ಹೊಸ ಸ್ಪೆಲಿಂಗಿಗೆ ತಿದ್ದಿದರು. ಮುಖ್ಯ ಲೈನ್‌ಗಳಿಗೆ ಏನೂ ಆಗಲಿಲ್ಲ. ತಿಂಗಳುಗಳ ನಂತರ ಕೇಬಲ್ ತುಂಡಾದ ದಿನ ಒಂದು ಶಾಖೆಯೂ ಒಳಗೆ ಬರಲಿಲ್ಲ. ‘ಡೀಬಗ್ ಪಿಪಿಪಿ ಅಥೆಂಟಿಕೇಶನ್’ ಹಾಕಿದರೆ ಎರಡು ನಿಮಿಷದಲ್ಲಿ ಕಾಣುವ ತಪ್ಪು.

ಲಿಂಕ್ ಎದ್ದಿದೆ, ಹೆಡ್ ಆಫೀಸ್ ರೂಟರ್‌ಗೆ ಪಿಂಗ್ ಹೋಗುತ್ತದೆ, ಸರ್ವರ್‌ಗೆ ಮಾತ್ರ ಹೋಗುವುದಿಲ್ಲ.

ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೆಡ್ ಆಫೀಸ್ ಉತ್ತರವನ್ನು ಇನ್ನೂ ಸತ್ತ ಮುಖ್ಯ ಲೈನಿಗೇ ತಳ್ಳುತ್ತಿದೆ. ಶಾಖೆಯ ನೆಟ್‌ವರ್ಕಿಗೆ ಅಲ್ಲಿಯೂ 200ರ ಫ್ಲೋಟಿಂಗ್ ರೂಟು ಹಾಕಿ. ಹಾಗೆಂದು ಅಲ್ಲಿಯೂ ಡಯಲ್ ಮಾಡುವ ಅಧಿಕಾರ ಕೊಡಬೇಡಿ. ಎರಡೂ ಕಡೆಯವರು ಒಬ್ಬರಿಗೊಬ್ಬರು ಒಟ್ಟಿಗೆ ಫೋನ್ ಮಾಡಿದರೆ ಎರಡೂ ಕಡೆ ಎಂಗೇಜ್. ಡಯಲ್ ಮಾಡುವುದು ಶಾಖೆ, ಎತ್ತುವುದು ಹೆಡ್ ಆಫೀಸ್. ಬಿಲ್ ಹೆಡ್ ಆಫೀಸಿಗೇ ಬರಲಿ ಎಂದರೆ ಪಿಪಿಪಿ ಕಾಲ್‌ಬ್ಯಾಕ್ ಇದೆ.

ಎಷ್ಟು ಸ್ಪೀಡ್ ಸಿಗುತ್ತೆ?

ಡಬ್ಬದ ಮೇಲೆ 56ಕೆ ಎಂದು ಬರೆದಿರುತ್ತದೆ. ವಿ.90 ಎಂಬ ಮೋಡೆಮ್ ಮಾನಕದ ಆ ವೇಗ ಬರಬೇಕಾದರೆ ಒಂದು ತುದಿ ಡಿಜಿಟಲ್ ಇರಬೇಕು, ಅಂದರೆ ಹೆಡ್ ಆಫೀಸಿನಲ್ಲಿ ಪಿಆರ್‌ಐ (ಒಂದೇ ಲೈನಿನಲ್ಲಿ ಹಲವು ಕರೆ ತರುವ ಡಿಜಿಟಲ್ ಸಂಪರ್ಕ) ಮತ್ತು ಡಿಜಿಟಲ್ ಮೋಡೆಮ್. ಎರಡೂ ತುದಿಯಲ್ಲಿ ಸಾಮಾನ್ಯ ಮೋಡೆಮ್ ಇದ್ದರೆ ಗರಿಷ್ಠ 33.6ಕೆ. ಆ ವೇಗದಲ್ಲಿ 1 ಎಂಬಿ ಹೋಗಲು ಹತ್ತಿರ ಹತ್ತಿರ 4 ನಿಮಿಷ. 1500 ಬೈಟಿನ ಒಂದೇ ಪ್ಯಾಕೆಟ್ ತಂತಿ ದಾಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಬ್ಯಾಲೆನ್ಸ್ ನೋಡಲು, ವೋಚರ್ ಹಾಕಲು, ಕಾಟಾದ ತೂಕ ಕಳಿಸಲು ಧಾರಾಳ ಸಾಕು. ಸಹಿಯ ಚಿತ್ರ, ಸ್ಕ್ಯಾನ್ ಪ್ರತಿ, ಸಿಸಿಟಿವಿ ಇವಕ್ಕಲ್ಲ. ಬ್ಯಾಕಪ್ ಮೇಲೆ ಏನು ಓಡಬೇಕು ಎಂದು ಶಾಖೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಿ, ಉಳಿದದ್ದನ್ನು ಡಯಲರ್ ಇಂಟರ್‌ಫೇಸಿನಲ್ಲೇ ತಡೆಯಿರಿ. ಟಿಸಿಪಿ ಹೆಡರ್ ಕಂಪ್ರೆಶನ್ ಹಾಕಿದರೆ 40 ಬೈಟಿನ ತಲೆ 3ರಿಂದ 5 ಬೈಟಿಗೆ ಇಳಿಯುತ್ತದೆ. ಟೆಲ್ನೆಟ್ ಮಾದರಿಯ ಹಳೇ ಕಪ್ಪು ಪರದೆಯ ಸಾಫ್ಟ್‌ವೇರಿಗೆ ಇದರಿಂದ ನಿಜಕ್ಕೂ ಜೀವ ಬರುತ್ತದೆ.

ಹೆಡ್ ಆಫೀಸಿನಲ್ಲಿ ಒಂದು ಪಿಆರ್‌ಐ ಇದೆ, ಶಾಖೆಗಳು 40. ಸಾಕಾ?

ಒಂದು ಪಿಆರ್‌ಐನಲ್ಲಿ 30 ಕರೆ. ಶಾಖೆಗಳು ಒಂದೊಂದಾಗಿ ಬಿದ್ದರೆ ಸಾಕು. ಹೆಡ್ ಆಫೀಸಿನ ಮುಖ್ಯ ಲೈನೇ ಬಿದ್ದ ದಿನ ನಲವತ್ತೂ ಒಟ್ಟಿಗೆ ಡಯಲ್ ಮಾಡುತ್ತವೆ, ಹತ್ತಕ್ಕೆ ಎಂಗೇಜ್ ಟೋನ್. ದೊಡ್ಡ ಶಾಖೆಗಳಿಗೆ ಕಡಿಮೆ ಡಿಲೇ, ಚಿಕ್ಕವಕ್ಕೆ ಹೆಚ್ಚು ಡಿಲೇ ಕೊಟ್ಟರೆ ಮುಖ್ಯವಾದವು ಮೊದಲು ಒಳಗೆ ಬರುತ್ತವೆ.

ಮುಖ್ಯ ಲೈನ್, ಬ್ಯಾಕಪ್ ಎರಡೂ ಒಂದೇ ಹೊತ್ತಿಗೆ ಹೋದವು. ಇದೆಂಥ ಬ್ಯಾಕಪ್?

ಎರಡೂ ಒಂದೇ ಕಂಬದ ಮೇಲೆ ಬಂದಿವೆ. ಲೀಸ್ಡ್ ಲೈನಿನ ತಾಮ್ರ, ಫೋನಿನ ತಾಮ್ರ ಒಂದೇ ಕೇಬಲ್ಲಿನ ಎರಡು ಜೋಡಿ. ಒಂದೇ ಪಿಲ್ಲರ್, ಒಂದೇ ಎಕ್ಸ್‌ಚೇಂಜ್. ಊರಿಂದೂರಿಗೆ ಹೋಗುವ ಫೈಬರ್ ತುಂಡಾದರೆ ಲೀಸ್ಡ್ ಲೈನೂ ಇಲ್ಲ, ಎಸ್‌ಟಿಡಿಯೂ ಇಲ್ಲ. 4ಜಿ ಹಾಕಿದರೆ ಗೆದ್ದೆವು ಎನ್ನುವಂತಿಲ್ಲ. ಟವರಿಗೆ ಬರುವ ಫೈಬರ್ ಕೂಡ ಅದೇ ಹೆದ್ದಾರಿಯ ಪಕ್ಕದ ಅದೇ ಕಾಲುವೆಯಲ್ಲಿ ಮಲಗಿರಬಹುದು. ಕನಿಷ್ಠ ಮುಖ್ಯ ಲೈನ್ ಒಂದು ಕಂಪನಿಯದು, ಸಿಮ್ ಇನ್ನೊಂದು ಕಂಪನಿಯದು ಇರಲಿ.

ನಮ್ಮ ಎರೆ ಭೂಮಿಗೆ ಇನ್ನೊಂದು ಗುಣವಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ನೆಲದೊಳಗಿನ ಕೇಬಲ್ ಜಾಯಿಂಟು ಪ್ರತಿ ವರ್ಷ ಈ ಎಳೆದಾಟ ತಡೆಯಬೇಕು. ಸಿಂಧನೂರು, ಸಿರುಗುಪ್ಪ ಕಡೆ ಮೊದಲ ಮಳೆ ಬಿದ್ದ ವಾರ ನನ್ನ ಫೋನ್ ಬಿಡುವಾಗಿರುವುದಿಲ್ಲ.

ತಾಮ್ರ ತೆಗೆದು ಫೈಬರ್ ಕೊಟ್ಟರು. ಫೋನ್ ನಂಬರ್ ಅದೇ, ಒಎನ್‌ಟಿ ಹಿಂದಿನ ಫೋನ್ ಜಾಕಿಗೆ ಮೋಡೆಮ್ ಹಾಕಿದರೆ ಆಗುತ್ತಾ?

ಆಗುತ್ತದೆ ಎಂದು ನಂಬಿ ಕೂರಬೇಡಿ. ಆ ಜಾಕಿನಿಂದ ಹೊರಟ ಧ್ವನಿ ಪ್ಯಾಕೆಟ್ಟಾಗಿ ಹೋಗುತ್ತದೆ. ಮನುಷ್ಯರ ಮಾತಿಗೆ ಹೊಲಿದ ಜಿ.729ನಂಥ ಕೋಡೆಕ್ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಮೋಡೆಮ್ ಸದ್ದನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಜಿ.711 ಇದ್ದರೆ ನಿಧಾನದ ವೇಗದಲ್ಲಿ ನಿಲ್ಲಬಹುದು, ಆದರೂ ಜಿಟರ್ (ಪ್ಯಾಕೆಟ್ಟುಗಳು ಹಿಂದುಮುಂದಾಗಿ ತಡವರಿಸುವುದು) ಬಂದರೆ ಬೀಳುತ್ತದೆ. ಅದಕ್ಕಿಂತ ಮುಖ್ಯ: ಫೈಬರ್ ಸತ್ತಾಗ ಆ ಫೋನೂ ಸಾಯುತ್ತದೆ. ತಾಮ್ರಕ್ಕೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಒಎನ್‌ಟಿಗೆ ನಿಮ್ಮ ಯುಪಿಎಸ್ಸೇ ಗತಿ. ಇಲ್ಲಿ 4ಜಿಗೆ ಹೋಗಿ.

4ಜಿ ಹಾಕಿದೆವು. ಹೆಡ್ ಆಫೀಸಿನಿಂದ ಶಾಖೆಯ ರೂಟರ್‌ಗೆ ಬರಲಾಗುತ್ತಿಲ್ಲ.

ಸಿಮ್‌ಗೆ ಸಿಕ್ಕ ಐಪಿ ನೋಡಿ. 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಕಂಪನಿಯ ನ್ಯಾಟ್ (ಹಲವರಿಗೆ ಒಂದೇ ಹೊರವಿಳಾಸ ಕೊಡುವ ಏರ್ಪಾಡು) ಹಿಂದೆ ಇದ್ದೀರಿ. ಹೊರಗಿನವರು ನಿಮ್ಮ ಬಾಗಿಲು ತಟ್ಟಲಾರರು. ಶಾಖೆಯೇ ಹೆಡ್ ಆಫೀಸಿಗೆ ಐಪಿಸೆಕ್ ಅಥವಾ ವೈರ್‌ಗಾರ್ಡ್ ಟನೆಲ್ (ಇಂಟರ್‌ನೆಟ್ಟಿನೊಳಗಿನ ಗುಪ್ತ ದಾರಿ) ಎಬ್ಬಿಸಬೇಕು. ವೈರ್‌ಗಾರ್ಡ್ ಆದರೆ 25 ಸೆಕೆಂಡಿನ ಕೀಪ್‌ಅಲೈವ್ ಹಾಕಿ. ಟನೆಲ್ ಎದ್ದರೂ ಕೆಲವು ಪುಟ ಅರ್ಧಕ್ಕೆ ನಿಂತರೆ ಪ್ಯಾಕೆಟ್ ದೊಡ್ಡದಾಯಿತು ಎಂದರ್ಥ, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಡೇಟಾದ ಮಿತಿ) 1360ಕ್ಕೆ ಇಳಿಸಿ. ಮತ್ತೆ, ಸಿಮ್‌ಗೆ ರೀಚಾರ್ಜ್ ಇದೆಯೇ? ನಗಬೇಡಿ.

ಸಿಡಿಲಿಗೆ ಮೋಡೆಮ್ ಸುಟ್ಟವು. ಏನು ಮಾಡೋದು?

ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಫೋನ್ ತಂತಿಯಿಂದ ಬಂದ ಏಟು ಮೋಡೆಮ್ ದಾಟಿ ಆಕ್ಸ್ ಪೋರ್ಟನ್ನೂ ತಿನ್ನುತ್ತದೆ. ಫೋನ್ ಲೈನಿಗೆ ಗ್ಯಾಸ್ ಟ್ಯೂಬ್ ಇರುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಅರ್ಥಿಂಗ್ ಪಕ್ಕಾ ಇರಲಿ. ಎರೆ ನೆಲದಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿ, ಮಣ್ಣು ರಾಡನ್ನು ಬಿಟ್ಟು ಸರಿದಿರುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ಜವಾಬ್ದಾರಿ ಒಬ್ಬರಿಗೆ ವಹಿಸಿ. ಇನ್ನು ಬಿಸಿಲು: ಈ ದರ್ಜೆಯ ರೂಟರ್‌ಗಳಿಗೆ ಹೇಳಿರುವ ಮಿತಿ 40 ಡಿಗ್ರಿ, ರಾಯಚೂರಿನ ಮೇ ತಿಂಗಳು ಹೊರಗೇ ಅದನ್ನು ದಾಟುತ್ತದೆ. ಬೀಗ ಹಾಕಿದ ಮರದ ಪೆಟ್ಟಿಗೆಯೊಳಗೆ ಎಷ್ಟಾಗುತ್ತದೆ ನೀವೇ ನೋಡಿ. ಸಂಡೂರು, ಹೊಸಪೇಟೆ ರಸ್ತೆಯ ಆಫೀಸುಗಳಲ್ಲಿ ಅದಿರಿನ ಕೆಂಧೂಳು ಬೇರೆ. ಫ್ಯಾನು ವರ್ಷಕ್ಕೆರಡು ಸಲವಾದರೂ ಬಿಚ್ಚಿ ಒರೆಸಬೇಕು.

ಟೆಸ್ಟ್ ಎಷ್ಟು ದಿನಕ್ಕೊಮ್ಮೆ?

ತಿಂಗಳಿಗೊಮ್ಮೆ, ಶಾಖೆ ಮುಚ್ಚುವ ಅರ್ಧ ಗಂಟೆ ಮೊದಲು, ಕೌಂಟರಿನವರು ಇರುವಾಗಲೇ. ಮುಖ್ಯ ಕೇಬಲ್ ಕಿತ್ತು, ಒಂದು ನಿಜವಾದ ವೋಚರ್ ಹಾಕಿಸಿ ನೋಡಿ. ಆಮೇಲೆ ಕೇಬಲ್ ಹಾಕಿ, ಫೋನ್ ತಾನಾಗಿ ಇಡುವ ತನಕ ಅಲ್ಲಿಂದ ಏಳಬೇಡಿ. ಫೈಬರ್ ಇದ್ದರೆ ರೂಟರ್ ಕಡೆಯ ಕೇಬಲ್ ಅಲ್ಲ, ಒಎನ್‌ಟಿಗೆ ಬರುವ ಹಳದಿ ಫೈಬರ್ ತುದಿ ತೆಗೆಯಿರಿ. ರೋಗ ಇರುವುದು ಆ ಕಡೆ.

4ಜಿಗೆ ಬಂದ ಮೇಲೆ ಹಳೇ ಮೋಡೆಮ್ ಗುಜರಿಗೆ ಹಾಕಲೇ?

ತಾಮ್ರದ ಲೈನ್ ಉಳಿದಿರುವ ಜಾಗದಲ್ಲಿ ಒಂದನ್ನು ಹೆಡ್ ಆಫೀಸ್ ರೂಟರ್‌ನ ಆಕ್ಸ್‌ಗೆ ಬಿಡಿ. ಎಲ್ಲ ದಾರಿ ಮುಚ್ಚಿದಾಗ ಮನೆಯಿಂದ ಡಯಲ್ ಮಾಡಿ ಒಳಗೆ ಹೋಗಲು ಅದು ಹಿತ್ತಲ ಬಾಗಿಲು. ಹಿತ್ತಲ ಬಾಗಿಲಿಗೂ ಚಿಲಕ ಬೇಕು: ಆಕ್ಸ್ ಲೈನಿಗೆ ಪಾಸ್‌ವರ್ಡ್, ಐದು ನಿಮಿಷದ ಎಕ್ಸೆಕ್ ಟೈಮ್‌ಔಟ್ (ಸುಮ್ಮನಿದ್ದರೆ ಹೊರಹಾಕುವ ಗಡುವು), ನಂಬರ್ ಇಬ್ಬರಿಗೆ ಮಾತ್ರ ಗೊತ್ತಿರಲಿ. ಅಡಾಪ್ಟರ್ ಮೇಲೆ ಆ ಮೋಡೆಮ್‌ನ ಹೆಸರು ಬರೆದ ಟೇಪ್ ಅಂಟಿಸಿಡಿ. ಈ ಮೋಡೆಮ್‌ಗಳಲ್ಲಿ ಕೆಲವಕ್ಕೆ ಎಸಿ ಅಡಾಪ್ಟರ್, ಕೆಲವಕ್ಕೆ ಡಿಸಿ. ಪಿನ್ ಎರಡಕ್ಕೂ ಒಂದೇ ಥರ ಕಾಣುತ್ತದೆ.